ಗೋಡೆಯ ಬಳಿ ಒಂದು ದಮ್ಮು

ತಾಷ್ಕೆಂಟಿನ ಹತ್ತಿರದ ಚಿರ್ಚಿಕ್ ಊರಿನ ಹಳೆಯ ಕಾರ್ಖಾನೆಯ ಈಜುಕೊಳದಲ್ಲಿ ಕ್ಲಾರಾ ಲಿಗಾಯ್ ಮೂವತ್ತೆಂಟು ವರ್ಷ ಮಕ್ಕಳಿಗೆ ಈಜು ಕಲಿಸಿದಳು. ಅಷ್ಟು ವರ್ಷ ನೀರಿನ ಪಕ್ಕದಲ್ಲೇ ಬದುಕಿದರೂ ತೊಟ್ಟ ಬಟ್ಟೆಯಲ್ಲೇ ನೀರಿಗೆ ಹಾರಿದ್ದು ಒಂದೇ ಒಂದು ಸಲ. ಉಳಿದಂತೆ ಅವಳ ಜಾಗ ದಂಡೆ. ನೀಲಿ ಟ್ರ್ಯಾಕ್‌ಸೂಟು, ರಬ್ಬರ್ ಚಪ್ಪಲಿ, ಕೊರಳಲ್ಲಿ ಸೀಟಿ, ಕಂಕುಳಲ್ಲಿ ಹಸಿರು ಚಹಾದ ಥರ್ಮಾಸು. ಮಕ್ಕಳಿಗೆ ಅವಳು ಒಪಾ, ಅಂದರೆ ಅಕ್ಕ. ಯಾವುದನ್ನೂ ಸುಲಭಕ್ಕೆ ಒಪ್ಪದ ಒಪಾ. ಕೈ ಸರಿಯಾಗಿ ಚಾಚಿದರೆ ಮೊಣಕೈ ಕಾಣುತ್ತಿಲ್ಲ ಎನ್ನುವಳು. ಮೊಣಕೈ ಕಂಡರೆ ಕಾಲು ಎಲ್ಲಿ ಹೋಯಿತು ಎನ್ನುವಳು.

ಅವಳಿಗೆ ಮನೆಯಲ್ಲಿ ಅಜ್ಜಿಯ ಕೊರಿಯನ್, ಶಾಲೆಯಲ್ಲಿ ರಷ್ಯನ್, ಬಜಾರಿನಲ್ಲಿ ಉಜ್ಬೆಕ್. ಮೂರನೆಯದು ತರಕಾರಿ ಕೊಳ್ಳುವುದಕ್ಕೆ ಎಷ್ಟು ಬೇಕೋ ಅಷ್ಟೇ ಬಂದಿತ್ತು. ಆ ಭಾಷೆಯಲ್ಲಿ ನೀನು, ನೀವು ಎಂಬೆರಡು ಅವಳ ಬಾಯಲ್ಲಿ ಸದಾ ಅದಲುಬದಲಾಗುತ್ತಿದ್ದವು. ಆರು ವರ್ಷದ ಹಲ್ಲುಬಿದ್ದ ಮಗುವಿಗೆ "ತಾವು ಚಡ್ಡಿ ತಿರುವಿ ಹಾಕ್ಕೊಂಡಿದೀರಿ" ಎನ್ನುವಳು. ಕೊಳದ ನಿರ್ದೇಶಕರಿಗೆ "ನೀನು ಕೂತ್ಕೋ, ನಾನು ನಿಂತಿರ್ತೀನಿ" ಎಂದಿದ್ದಳು. ನಿರ್ದೇಶಕರು ಪಾಪ, ಕೂತರು.

ತಾಷ್ಕೆಂಟಿನ ತರಬೇತುದಾರರು ಅವಳ ಮಕ್ಕಳಿಗೆ ಇಟ್ಟ ಹೆಸರು 'ಚಹಾದವರು'. ಆ ಹೆಸರಿಟ್ಟ ಬೋತಿರ್ ಎಂಬ ದಪ್ಪ ಮೀಸೆಯ ತರಬೇತುದಾರ ಪ್ರತಿ ಪಂದ್ಯದಲ್ಲೂ ಅದನ್ನು ಬಿಡಿಸಿ ಹೇಳುತ್ತಿದ್ದ: "ನೋಡಿ, ಕ್ಲಾರಾ ಮಕ್ಕಳು ಗೋಡೆ ಹತ್ರ ಬರ್ತಾರೆ, ತಲೆ ಎತ್ತುತಾರೆ, ಒಂದು ಬಟ್ಟಲು ಚಹಾ ಕುಡೀತಾರೆ, ಮನೇಲೆಲ್ಲ ಕ್ಷೇಮವಾ ಅಂತ ಕೇಳ್ತಾರೆ, ಆಮೇಲೆ ತಿರುಗ್ತಾರೆ!"

ಮಾತು ತಮಾಷೆಯದು, ವಿಷಯ ಸುಳ್ಳಲ್ಲ. ಇಪ್ಪತ್ತೈದು ಮೀಟರ್ ಕೊಳದಲ್ಲಿ ಪಂದ್ಯ ನಿರ್ಧಾರವಾಗುವುದು ನಡುನೀರಿನಲ್ಲಿ ಎಂದು ನೋಡುವವರು ತಿಳಿಯುತ್ತಾರೆ. ನಿರ್ಧಾರವಾಗುವುದು ಗೋಡೆಯ ಹತ್ತಿರ. ಗೋಡೆಗೆ ಐದು ಮೀಟರ್ ಇರುವಾಗ ತಲೆಯ ಮೇಲೆ ಬಣ್ಣದ ಪತಾಕೆಗಳ ಸಾಲು ಬರುತ್ತದೆ. ಅಲ್ಲಿ ಕೊನೆಯ ಉಸಿರು ತೆಗೆದುಕೊಂಡು, ಆಮೇಲೆ ಎರಡು ಕೈ ಬೀಸಿ, ಮುಖ ಎತ್ತದೆ ನೀರಿನೊಳಗೇ ಮಗುಚಿ, ಪಾದದಿಂದ ಗೋಡೆಯನ್ನು ಒದೆಯಬೇಕು. ಆಚೆ ಬದಿಗೂ ಮೊದಲ ಕೈಯನ್ನು ಉಸಿರಿಲ್ಲದೆಯೇ ಬೀಸಬೇಕು. ಗೋಡೆಯ ಮುಂದೆ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಓಟ ಸತ್ತುಹೋಗುತ್ತದೆ, ಪ್ರತಿ ತಿರುವಿಗೂ ಅರ್ಧ ಸೆಕೆಂಡು ಕೈಬಿಡುತ್ತದೆ. ಇದೆಲ್ಲ ಕ್ಲಾರಾಳಿಗೆ ಬೋತಿರನಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಕಲಿಸುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಮಕ್ಕಳು ಉಸಿರಾಡ್ಲಿ ಬಿಡ್ರಿ" ಎಂದು ಸೀಟಿ ಬಾಯಿಗಿಟ್ಟುಕೊಳ್ಳುತ್ತಿದ್ದಳು. ಸೀಟಿ ಬಾಯಲ್ಲಿದ್ದರೆ ಉತ್ತರ ಕೊಡುವ ಕಷ್ಟವಿಲ್ಲ.

ಕೊಳದಲ್ಲಿ ಒಂದೇ ಒಂದು ಟೋಪಿ ತೇಲುತ್ತಿದ್ದರೂ ಅವಳು ದಂಡೆ ಬಿಟ್ಟು ಕದಲುತ್ತಿರಲಿಲ್ಲ. ಫೋನು ಬಂದರೂ ಇಲ್ಲ, ನಿರ್ದೇಶಕರು ಕರೆದರೂ ಇಲ್ಲ. ಅದಕ್ಕೂ ಯಾರೂ ಕಾರಣ ಕೇಳಲಿಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಮೂವತ್ತೈದರ ಹೆಂಗಸೊಬ್ಬಳು ಕೊಳದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ಒಂದಿಷ್ಟೂ ಜಾರದೆ ನಡೆದು ಬಂದಳು. ಆ ನೆಲದ ಮೇಲೆ ಹೊಸಬರು ಹಾಗೆ ನಡೆಯುವುದಿಲ್ಲ. ಕ್ಲಾರಾ ಮೊದಲು ಪಾದಗಳನ್ನು ನೋಡಿದಳು, ಆಮೇಲೆ ಮುಖ ನೋಡಿದಳು, ಬಾಯಲ್ಲಿದ್ದ ಸೀಟಿಯನ್ನು ತೆಗೆದಳು.

"ನಾನು ಓಯ್ದಿನ್ ಅಮ್ಮ" ಎಂದಳು ಹೆಂಗಸು. "ಹುಲ್ಕಾರ್."

ಓಯ್ದಿನ್ ಮೂರು ವರ್ಷದಿಂದ ಅಲ್ಲಿ ಈಜುತ್ತಿದ್ದ ಹನ್ನೆರಡರ ಹುಡುಗಿ. ತಂದೆ ಕಾರಿನಲ್ಲಿ ತಂದು ಬಿಟ್ಟು, ಮತ್ತೆ ಬಂದು ಕರೆದೊಯ್ಯುತ್ತಿದ್ದ. ಉದ್ದ ಕೈ, ದೊಡ್ಡ ಪಾದ, ಗುಂಪಿನಲ್ಲೇ ಎಲ್ಲರಿಗಿಂತ ಚುರುಕು. ಅವಳ ತಾಯಿ ಯಾರೆಂದು ಕ್ಲಾರಾ ಕೇಳಿರಲಿಲ್ಲ. ತಾಯಿಯೂ ಕೊಳಕ್ಕೆ ಬಂದಿರಲಿಲ್ಲ. ಹುಲ್ಕಾರ್ ಎಂದರೆ ಉಜ್ಬೆಕಿನಲ್ಲಿ ಕೃತ್ತಿಕೆ, ಓಯ್ದಿನ್ ಎಂದರೆ ಬೆಳದಿಂಗಳು. ಮೂರು ವರ್ಷ ಬೆಳದಿಂಗಳಿಗೆ ಕೈಕಾಲು ತಿದ್ದಿದವಳಿಗೆ ಅದು ಬಂದದ್ದು ಯಾವ ನಕ್ಷತ್ರದ ಮನೆಯಿಂದ ಎಂದು ಹೊಳೆದಿರಲಿಲ್ಲ.

ಇಪ್ಪತ್ತನಾಲ್ಕು ವರ್ಷದ ಹಿಂದೆ ಈ ಹುಲ್ಕಾರ್ ಹನ್ನೊಂದರ ಹುಡುಗಿ. ಆಗಿನ ಕಾಲಕ್ಕೆ ಊರಿನ ರಷ್ಯನ್ ಮಾತಿನ ಮನೆಗಳು ಒಂದೊಂದಾಗಿ ಗಂಟುಮೂಟೆ ಕಟ್ಟಿದ್ದವು. ಕೊಳಕ್ಕೆ ಬರುತ್ತಿದ್ದವರು ಕಾಲುವೆಯಲ್ಲಿ ಈಜು ಕಲಿತ ಮಹಲ್ಲಾದ, ಅಂದರೆ ಉಜ್ಬೆಕ್ ಕೇರಿಯ, ಮಕ್ಕಳು. ಕಾಲುವೆಗೆ ಕೊನೆಯ ಗೋಡೆಯಿಲ್ಲ, ತಿರುಗುವ ಪ್ರಶ್ನೆಯೂ ಇಲ್ಲ. ಆ ಮಕ್ಕಳು ತಲೆ ಮೇಲಿಟ್ಟುಕೊಂಡು ಬಾತುಗಳಂತೆ ಹೋಗುತ್ತಿದ್ದರು. ಅವರಿಗೆ ರಷ್ಯನ್ ಬಾರದು, ಕ್ಲಾರಾಳಿಗೆ ಉಜ್ಬೆಕ್ ಬಾರದು. ಅವಳು ಒಂದು ಕೆಂಪು ರಟ್ಟಿನ ನಿಘಂಟು ತಂದು ಉಸಿರು ಎಂಬುದನ್ನು ಹುಡುಕಿದಳು. 'ದಮ್' ಎಂದಿತ್ತು. ತೆಗೆದುಕೊಳ್ಳಬೇಡ ಎಂಬುದನ್ನು ಹುಡುಕಿದಳು. 'ಓಲ್ಮಾ' ಎಂದಿತ್ತು. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದಳು. ಗೋಡೆ ಹತ್ತಿರ ಬಂದಾಗಲೆಲ್ಲ ದಂಡೆಯಿಂದ ಕೂಗತೊಡಗಿದಳು: "ದಮ್ ಓಲ್ಮಾ! ದಮ್ ಓಲ್ಮಾ!"

ಓಲ್ಮಾ ಎಂದರೆ ಸೇಬುಹಣ್ಣು ಕೂಡ ಹೌದು. ಹುಡುಗಿಯರು ಬಟ್ಟೆ ಬದಲಿಸುವ ಕೋಣೆಯಲ್ಲಿ "ಒಪಾ ಇವತ್ತೂ ಸೇಬು ಮಾರಿದ್ರು ಕಣೇ" ಎಂದು ಬಿದ್ದುಬಿದ್ದು ನಗುತ್ತಿದ್ದರು. ನಗದಿದ್ದವಳು ಹುಲ್ಕಾರ್ ಒಬ್ಬಳೇ. ಅವಳು ಗುರುಗಳ ಮಾತನ್ನು ಮಾತಿನಂತೆಯೇ ತೆಗೆದುಕೊಂಡಳು.

ದಮ್ಮು ಕನ್ನಡಿಗರಿಗೂ ಪರಿಚಿತವೇ. ನಮ್ಮಲ್ಲಿ ಅದು ಉಸಿರು, ಧೈರ್ಯ, ರೋಗ ಮೂರೂ ಆಗಿ, ಒಲೆಯ ಮೇಲಿನ ಬಿರಿಯಾನಿಗೂ ಹತ್ತಿಕೊಂಡಿದೆ. ಅಲ್ಲಿನವರ ಬಾಯಲ್ಲಿ 'ದಮ್ ತೆಗೆದುಕೊಳ್ಳುವುದು' ಎಂದರೆ ದಣಿವಾರಿಸಿಕೊಳ್ಳುವುದು. ಉಸಿರು ತೆಗೆದುಕೊಳ್ಳುವುದಕ್ಕೆ 'ನಫಸ್' ಎಂಬ ಬೇರೆಯೇ ಮಾತಿದೆ. ಉಸಿರಾಡಬೇಡ ಎನ್ನಲು ಹೋಗಿ ಕ್ಲಾರಾ ಚಳಿಗಾಲವಿಡೀ ಆ ಮಕ್ಕಳಿಗೆ ದಣಿವಾರಿಸಿಕೊಳ್ಳಬೇಡಿ, ದಣಿವಾರಿಸಿಕೊಳ್ಳಬೇಡಿ ಎಂದು ಕೂಗಿದ್ದಳು.

ಫೆಬ್ರವರಿಯ ಒಂದು ಸಂಜೆ ಕೊಳದ ನೀರು ತಣ್ಣಗಾಗುತ್ತ ಬಂತು. ಬಾಯ್ಲರ್ ಕೋಣೆಯಿಂದ ಕರೆ ಬಂತು. "ಎಂಟು ಸುತ್ತು. ದಮ್ ಓಲ್ಮಾ!" ಎಂದು ಹೇಳಿ ಕ್ಲಾರಾ ಕೆಳಗಿಳಿದಳು. ಬಾಯ್ಲರಿನವನು ಒಂದು ತಿರುಪು ಬಿಚ್ಚಿ ಇನ್ನೊಂದನ್ನು ಕಳೆದುಹಾಕಿ, ಇಬ್ಬರೂ ಅದನ್ನು ಹುಡುಕುವ ಹೊತ್ತಿಗೆ ಅರ್ಧ ಗಂಟೆಯ ಮೇಲಾಯಿತು. ಮಕ್ಕಳು ಎಂಟು ಸುತ್ತು ಮುಗಿಸಿ ಸ್ನಾನದ ಕೋಣೆಗೆ ಹೋದರು. ಕ್ಲಾರಾ ಮೇಲೆ ಬಂದಾಗ ಖಾಲಿ ಕೊಳದಲ್ಲಿ ಒಂದು ಬಿಳಿ ಟೋಪಿ ಹೋಗುತ್ತಿತ್ತು. ಹೋಗುತ್ತಲೇ ಇತ್ತು. ಆಮೇಲೆ ಹೋಗಲಿಲ್ಲ.

ಅವಳು ಕೋಟಿನ ಸಮೇತ ಹಾರಿದಳು. ಹುಡುಗಿಯನ್ನು ದಂಡೆಗೆ ಎಳೆದು ಹಾಕಿ, ನೀಲಿಗಟ್ಟಿದ ತುಟಿಗಳ ಮೇಲೆ ಬಾಯಿಟ್ಟು, ತನ್ನ ಎದೆಯಲ್ಲಿದ್ದದ್ದನ್ನೆಲ್ಲ ಊದಿದಳು. ಎಷ್ಟು ಹೊತ್ತೋ ತಿಳಿಯಲಿಲ್ಲ. ಕೊನೆಗೆ ಹುಡುಗಿ ನೀರು ಕಕ್ಕಿ, ಕೆಮ್ಮಿ, ಕಣ್ಣು ಬಿಟ್ಟಳು.

"ಯಾಕೆ ನಿಲ್ಲಿಸಲಿಲ್ಲ?" ಎಂದಳು ಕ್ಲಾರಾ.

"ನೀವೇ ಅಂದ್ರಲ್ಲ ಒಪಾ. ದಮ್ ಓಲ್ಮಾ ಅಂತ."

ಅದರ ಅರ್ಥವನ್ನು ಕ್ಲಾರಾಳಿಗೆ ಬಿಡಿಸಿ ಹೇಳಿದವನು ಆಂಬುಲೆನ್ಸಿನ ಚಾಲಕ. ದಾರಿಯುದ್ದಕ್ಕೂ ಅವಳು ಅದನ್ನೇ ನಾಲ್ಕು ಸಲ ಕೇಳಿದಳು. ಅವನು ನಾಲ್ಕು ಸಲವೂ ಅದನ್ನೇ ಹೇಳಿದ.

ಹುಡುಗಿ ವಾರದಲ್ಲಿ ಚೇತರಿಸಿಕೊಂಡಳು, ಕೊಳಕ್ಕೆ ಮಾತ್ರ ಮರಳಿ ಬರಲಿಲ್ಲ. ಕ್ಲಾರಾ ಒಂದು ಪೊಟ್ಟಣ ಮಿಠಾಯಿ ಹಿಡಿದು ಆ ಮಹಲ್ಲಾಕ್ಕೆ ಹೋದಳು. ನೀಲಿ ಗೇಟಿನ ಮುಂದೆ ನಿಂತಳು. ಕೈ ಎತ್ತಿದಳು. ಹಿಂತಿರುಗಿದಳು. ಮಾರನೆಯ ದಿನ ಮತ್ತೆ, ಅದರ ಮಾರನೆಯ ದಿನ ಮತ್ತೆ. ಅವಳ ಬದುಕಿನ ಅತ್ಯಂತ ಚುರುಕಾದ ತಿರುವುಗಳೆಂದರೆ ಆ ಗೇಟಿನ ಮುಂದೆ ತೆಗೆದುಕೊಂಡ ಆ ಮೂರು. ಮಿಠಾಯಿ ಕರಗಿತು. ಅಂದಿನಿಂದ ಆ ಮನೆಯ ಬಗ್ಗೆ ಅವಳು ಉಸಿರೆತ್ತಲಿಲ್ಲ. ಉಸಿರು ಹಿಡಿಯಿರಿ ಎಂದು ಯಾವ ಮಗುವಿಗೂ ಹೇಳಲಿಲ್ಲ.

ಈಗ ಹುಲ್ಕಾರ್ ಎದುರಿಗೆ ನಿಂತಿದ್ದಳು. ನೀರಿನಲ್ಲಿ ಮಗಳು ಸುತ್ತು ಹಾಕುತ್ತಿದ್ದಳು.

"ಒಪಾ, ಏಪ್ರಿಲಲ್ಲಿ ತಾಷ್ಕೆಂಟ್ ಕ್ರೀಡಾಶಾಲೆಯ ಆಯ್ಕೆ. ನೂರು ಮೀಟರ್‌ಗೆ ಒಂದು ನಿಮಿಷ ಎಂಟು ಸೆಕೆಂಡ್ ಒಳಗೆ ಬರಬೇಕಂತೆ. ಇವಳು ಒಂಬತ್ತೂವರೆಲಿ ನಿಂತಿದಾಳೆ."

"ಗೊತ್ತು."

"ಕೈ ಚೆನ್ನಾಗಿದೆ, ಕಾಲು ಚೆನ್ನಾಗಿದೆ. ಗೋಡೆ ಬಂದ ತಕ್ಷಣ ಕೋಳಿ ಥರ ಕತ್ತು ಎತ್ತುತಾಳೆ."

"ನಾನೇ ಕಲಿಸಿದ್ದು."

"ಅದಕ್ಕೇ ಬಂದೆ" ಎಂದಳು ಹುಲ್ಕಾರ್. "ತಿರುವು ಕಲಿಸಿ. ಪೂರ್ತಿ ಕಲಿಸಿ. ಇವಳಿಗೆ ಅಲ್ಲಿಗೆ ಹೋಗಬೇಕು ಅಂತ ಪ್ರಾಣ ಇದೆ."

"ಪ್ರಾಣ ಇರಲಿ ಅಂತಾನೇ ಕಲಿಸ್ತಿಲ್ಲ." ಕ್ಲಾರಾ ಸೀಟಿಯ ದಾರವನ್ನು ಬೆರಳಿಗೆ ಸುತ್ತಿದಳು. "ನಿನ್ನ ಮೇಲೆ ಆಣೆ, ಉಸಿರು ತಗೋಬೇಡ ಅಂತ ನಾನು ಇನ್ನು ಯಾರಿಗೂ ಹೇಳಲ್ಲ. ಯಾವ ಭಾಷೇಲೂ ಹೇಳಲ್ಲ. ದಮ್ಮಯ್ಯ, ಇವಳನ್ನ ಬೇರೆ ಕಡೆ ಸೇರಿಸು."

"ಊರಿಗೆ ಇರೋದೇ ಒಂದು ಕೊಳ, ಒಪಾ. ಬೇರೆ ಕಡೆ ಅಂದ್ರೆ ಕಾಲುವೆ."

ಓಯ್ದಿನ್ ಗೋಡೆ ಮುಟ್ಟಿ, ತಲೆ ಎತ್ತಿ, ಚಹಾ ಕುಡಿದು ತಿರುಗಿದಳು. ಇಬ್ಬರೂ ನೋಡಿದರು.

"ನಿಮ್ಮಮ್ಮ ನನ್ನ ಮೇಲೆ ಸಿಟ್ಟು ಮಾಡ್ಕೊಂಡಿದ್ರು" ಎಂದಳು ಕ್ಲಾರಾ. ಜಾಲರಿಯ ಹಿಂದಿನ ಪಾದ್ರಿಗೆ ಹೇಳುವ ಪಾಪನಿವೇದನೆಯ ದನಿ ಅದು. "ಸಿಟ್ಟು ನ್ಯಾಯವೇ."

ಹುಲ್ಕಾರ್ ಬೆರಗಾದಳು. "ಸಿಟ್ಟಾ? ಅಮ್ಮ ಹತ್ತು ದಿನ ಊಟಕ್ಕೆ ಹಾಸಿದ ದಸ್ತರ್‌ಖಾನ್ ಎತ್ತಲಿಲ್ಲ. ದಿನಾ ಬೆಳಗ್ಗೆ ಹೊಸ ರೊಟ್ಟಿ, ಒಣದ್ರಾಕ್ಷಿ, ಜಾಮು. 'ಮಗೂಗೆ ಜೀವ ಊದಿದ ಗುರುಗಳು ಯೋಗಕ್ಷೇಮ ಕೇಳಕ್ಕೆ ಬರ್ತಾರೆ, ಬರೀ ಹಾಸಿನ ಮುಂದೆ ಕೂರಿಸಕ್ಕಾಗುತ್ತಾ' ಅಂತ. ನಾನು ಹಾಸಿಗೇಲಿ ಮಲಗಿ ಗೇಟಿನ ಸದ್ದಿಗೆ ಕಿವಿ ಕೊಟ್ಟಿರ್ತಿದ್ದೆ. ನೀವು ಬರಲಿಲ್ಲ. ಹನ್ನೊಂದನೇ ದಿನ ಅಮ್ಮ ಹಾಸು ಮಡಚಿ ಅಂದ್ರು, 'ನೀನು ಅವರಿಗೆ ಬೇಡವಾದೆ ಕಣೇ. ಬೇಡದವರ ಹತ್ರ ಹೋಗ್ಬಾರದು.' ಅಷ್ಟೇ."

"ನಾನು ಬಂದಿದ್ದೆ." ಕ್ಲಾರಾ ನೀರನ್ನೇ ನೋಡುತ್ತಿದ್ದಳು. "ಮೂರು ಸಲ. ಗೇಟಿನ ತನಕ."

"ಗೇಟಿನ ಒಳಗಡೆಗೂ ಮನೆ ಇರುತ್ತೆ, ಒಪಾ."

ಸೀಟಿ ಕೈಯಲ್ಲೇ ಇತ್ತು. ಬಾಯಿಗಿಡಲು ಕ್ಲಾರಾಳಿಗೆ ಕೈ ಬರಲಿಲ್ಲ.

"ಅಮ್ಮ ಇದಾರೆ ಇನ್ನೂ" ಎಂದಳು ಹುಲ್ಕಾರ್. "ಕಿವಿ ಮಂದ. ನೆನಪು ಮಂದ ಇಲ್ಲ."

"ಈ ಮುಖ ಇಟ್ಕೊಂಡು ಹ್ಯಾಗೆ ಬರ್ಲಿ?"

"ಬರಿಗೈಲಿ ಬರಬೇಡಿ ಹಾಗಾದ್ರೆ. ಮೊಮ್ಮಗಳಿಗೆ ತಿರುವು ಕಲಿಸಿ, ಆಮೇಲೆ ಬನ್ನಿ."

ಕ್ಲಾರಾ ಒಪ್ಪಲಿಲ್ಲ. ಒಪ್ಪುವುದಿಲ್ಲ ಎನ್ನಲೂ ಇಲ್ಲ. "ಏನಂತ ಹೇಳ್ಲಿ ಆ ಮಗೂಗೆ? ಯಾವ ಮಾತಲ್ಲಿ?" ಎಂದು ಮಾತ್ರ ಕೇಳಿದಳು.

ಹುಲ್ಕಾರ್ ಶಿಶುವಿಹಾರವೊಂದರಲ್ಲಿ ಅಡುಗೆಯವಳು. ನೂರಿಪ್ಪತ್ತು ಮಕ್ಕಳಿಗೆ ವಾರಕ್ಕೆರಡು ದಿನ ಪಲಾವ್ ಮಾಡುವವಳು. ಅವಳು ಯೋಚಿಸಿದ್ದು ಆ ಕಡೆಯಿಂದಲೇ. "ಅನ್ನದ ಮೇಲೆ ಮುಚ್ಚಳ ಹಾಕಿದ ಮೇಲೆ ನಾವು ಏನಂತೀವಿ? ಉಗಿ ಬಿಡಬೇಡ, ಉಗಿ ಬಿಡಬೇಡ ಅಂತ ಒಲೆ ಮುಂದೆ ಕಿರುಚ್ತೀವಾ? 'ದಮ್ಲಾ' ಅಂತೀವಿ. ದಮ್‌ಗೆ ಬಿಡು ಅಂತ. ಅದು ಎಷ್ಟು ಹೊತ್ತು ಅಂತ ಪ್ರತಿ ಮನೆ ಮಗೂಗೂ ಗೊತ್ತು. ಜಾಸ್ತಿ ಬಿಟ್ರೆ ಏನಾಗುತ್ತೆ ಅಂತಾನೂ ಗೊತ್ತು."

ಕ್ಲಾರಾ ಆ ಪದವನ್ನು ಬಾಯೊಳಗೆ ಹೊರಳಿಸಿ ನೋಡಿದಳು. ಇಪ್ಪತ್ತನಾಲ್ಕು ವರ್ಷದ ಹಿಂದೆ ಬಾಯಿಂದ ಹೊರಹಾಕಿದ ಶಬ್ದ ಅಡುಗೆಮನೆಯ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತ್ತು.

ಮಾರನೆಯ ದಿನ ಅವಳು ಓಯ್ದಿನ್‌ಳನ್ನು ಪತಾಕೆಗಳ ಕೆಳಗೆ ನಿಲ್ಲಿಸಿದಳು.

"ಇಲ್ಲಿ ತಾವು ಒಂದು ಉಸಿರು ತಗೋತೀರಿ. ಅದು ಅಕ್ಕಿ. ಆಮೇಲೆ ಮುಚ್ಚಳ. ಒಂದು ಕೈ, ಎರಡು ಕೈ, ಮಗುಚೋದು, ಒದೆಯೋದು, ಇನ್ನೊಂದು ಕೈ. ಆಗ ಮುಚ್ಚಳ ತೆಗೀರಿ. ಅಷ್ಟೇ. ಅರ್ಥ ಆಯ್ತಾ?"

"ದಮ್ಲಾ" ಎಂದಳು ಹುಡುಗಿ, ಬಾಯಿ ತುಂಬ ನಕ್ಕು. "ಅಜ್ಜಿ ಮುಚ್ಚಳ ಮುಟ್ಟಿದ್ರೆ ಸೌಟಲ್ಲಿ ಹೊಡೀತಾರೆ."

"ನನ್ನ ಹತ್ರ ಸೌಟಿಲ್ಲ. ಕೇಳಿಸ್ಕೊಳ್ಳಿ, ಇದು ಮುಖ್ಯ." ಕ್ಲಾರಾ ಮೊಣಕಾಲೂರಿ ಕೂತಳು, ಹುಡುಗಿಯ ಮುಖದ ಮಟ್ಟಕ್ಕೆ. "ತಳ ಹತ್ತೋ ವಾಸನೆ ಬಂದ್ರೆ, ಎದೆ ಸಾಕು ಅಂದ್ರೆ, ಯಾರನ್ನೂ ಕೇಳಬೇಡಿ. ಮುಚ್ಚಳ ತೆಗೀರಿ. ಪಂದ್ಯ ಇರ್ಲಿ, ಪದಕ ಇರ್ಲಿ, ನಾನೇ ಇಲ್ಲಿ ನಿಂತು ಗಂಟಲು ಹರ್ಕೊಳ್ತಿರ್ಲಿ. ಹೇಳಿ."

"ತಳ ಹತ್ತಿದ್ರೆ ಮುಚ್ಚಳ ತೆಗೀಬೇಕು."

"ಇನ್ನೊಂದ್ಸಲ."

"ಒಪಾ, ನನಗೆ ಹನ್ನೆರಡು ವರ್ಷ. ಒಂದ್ಸಲ ಹೇಳಿದ್ರೆ ಸಾಕು."

"ನಿಮ್ಮಮ್ಮಂಗೆ ಹನ್ನೊಂದಿತ್ತು" ಎಂದಳು ಕ್ಲಾರಾ. "ಇನ್ನೊಂದ್ಸಲ ಹೇಳಿ."

ಹುಡುಗಿ ನಗು ನಿಲ್ಲಿಸಿ ಇನ್ನೊಂದು ಸಲ ಹೇಳಿದಳು.

ಕಲಿಕೆ ನಿಧಾನವಾಗಿ ಸಾಗಿತು. ಮೊದಲ ವಾರ ಗೋಡೆಯೇ ಇಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ಮುಖ ಮುಳುಗಿಸಿ ಮೂಗಿನಿಂದ ಹೂಂಗುಡುವುದು. ಮಗುಚುವಾಗ ಮೂಗು ಖಾಲಿಯಿದ್ದರೆ ನೀರು ನೆತ್ತಿಗೇರುತ್ತದೆ, ಹೂಂಗುಟ್ಟುತ್ತಿದ್ದರೆ ಏರುವುದಿಲ್ಲ. ಎರಡನೆಯ ವಾರ ಮಗುಚುವುದು. ಮೊದಲನೆಯ ದಿನವೇ ಓಯ್ದಿನ್ ಹೂಂಗುಡುವುದನ್ನು ಮರೆತು, ನೀರು ಕುಡಿದು, ಕೆಮ್ಮುತ್ತಾ ಎದ್ದಳು. ಆ ಕೆಮ್ಮಿಗೆ ಕ್ಲಾರಾಳ ಕೈಯಿಂದ ಥರ್ಮಾಸು ಬಿದ್ದು ಒಳಗಿನ ಗಾಜು ಒಡೆಯಿತು. ಅಂದು ಇನ್ನೇನೂ ಕಲಿಸದೆ ಎಲ್ಲರನ್ನೂ ಮನೆಗೆ ಕಳಿಸಿದಳು. ಮಾರನೆಯ ದಿನ ಬಜಾರಿನಲ್ಲಿ ಕ್ಯಾರೆಟ್ ಕೋಸಂಬರಿ ಮಾರುವ ತಂಗಿ ಜೋಯಾಳಿಂದ ಹಳೆಯ ಥರ್ಮಾಸು ಇಸಕೊಂಡು ಮತ್ತೆ ಬಂದಳು.

"ಒಡೆಯೋದಕ್ಕೆ ಇನ್ನೂ ಎಷ್ಟು ಬೇಕು ನಿಂಗೆ?" ಎಂದಿದ್ದಳು ಜೋಯಾ.

"ಏಪ್ರಿಲ್‌ವರೆಗೂ ಬರೋಷ್ಟು."

ಓಯ್ದಿನ್ ಈಜುವಾಗ ಕ್ಲಾರಾ ದಂಡೆಯ ಮೇಲೆ ಅವಳ ಜೊತೆಜೊತೆಗೇ ನಡೆದಳು, ನೀರಿನಲ್ಲಿ ಒಂದು ಕೈಗೆ ದಂಡೆಯಲ್ಲಿ ಒಂದು ಹೆಜ್ಜೆ. ಪತಾಕೆ ಬಂದಾಗ ಹುಡುಗಿಯ ಬಾಯಿ ಮುಚ್ಚುತ್ತಿತ್ತು, ಕ್ಲಾರಾಳದೂ. ಹುಡುಗಿ ಮಗುಚಿ, ಒದ್ದು, ಕೈ ಬೀಸಿ ಬಾಯಿ ತೆರೆದಾಗ ಅವಳೂ ತೆರೆಯುತ್ತಿದ್ದಳು. ಅರವತ್ತೊಂದರ ಎದೆಗೆ ಅದು ಸುಲಭವಲ್ಲ. ಹತ್ತು ಸುತ್ತಿಗೆ ಅವಳಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಕಂಬ ಹಿಡಿದು ನಿಂತು, ಮತ್ತೆ ನಡೆಯುತ್ತಿದ್ದಳು. ಮಗು ಎಷ್ಟು ಹೊತ್ತು ಉಸಿರಿಲ್ಲದೆ ಇದೆ ಎಂಬುದನ್ನು ಅಳೆಯಲು ಅವಳ ಬಳಿ ಬೇರೆ ಗಡಿಯಾರವಿರಲಿಲ್ಲ. ಇದ್ದದ್ದನ್ನು ನಂಬುತ್ತಲೂ ಇರಲಿಲ್ಲ.

ಮಾರ್ಚ್ ಹೊತ್ತಿಗೆ ಓಯ್ದಿನ್ ಗೋಡೆಯ ಬಳಿ ಮೀನಿನಂತೆ ಮಾಯವಾಗಿ ಆಚೆ ತೇಲತೊಡಗಿದಳು. ಗಡಿಯಾರದಲ್ಲಿ ಒಂದು ನಿಮಿಷ ಎಂಟು ಸೆಕೆಂಡು ಮತ್ತು ಸ್ವಲ್ಪ. ಒಂದು ಏಳು ಚಿಲ್ಲರೆ, ಒಂದು ಸಲ.

ಏಪ್ರಿಲಿನ ಪಂದ್ಯಕ್ಕೆ ತಾಷ್ಕೆಂಟಿಗೆ ಹೋದಾಗ ಬೋತಿರ್ ಬಾಗಿಲಲ್ಲೇ ಸಿಕ್ಕಿ, ರಷ್ಯನ್ ಪದ್ಧತಿಯಂತೆ ತಂದೆಯ ಹೆಸರೂ ಸೇರಿಸಿ ಮರ್ಯಾದೆಯಿಂದ ಕೂಗಿದ.

"ಕ್ಲಾರಾ ಇನ್ನೊಕೆಂತ್ಯೆವ್ನಾ! ಥರ್ಮಾಸು ತಂದ್ರಾ? ಮಕ್ಕಳು ಗೋಡೆ ಹತ್ರ ಕೇಳ್ತಾರೆ."

"ತಂದಿದೀನಿ. ಈ ಸಲ ನಿನಗೇ ಕುಡಿಸೋಣ ಅಂತ."

"'ನೀನು' ಅಂದ್ರಿ! ಇಷ್ಟು ವರ್ಷಕ್ಕೆ ಪ್ರೀತಿ ಬಂತಲ್ಲ."

"ಅದು ವ್ಯಾಕರಣ" ಎಂದಳು ಕ್ಲಾರಾ. "ಪ್ರೀತಿ ಅಲ್ಲ."

ಹುಲ್ಕಾರ್ ಮೇಲಿನ ಬೆಂಚಿನಲ್ಲಿ ಕೂತಿದ್ದಳು. ಕ್ಲಾರಾ ಹುಡುಗಿಯ ಟವೆಲನ್ನು ಹೆಗಲಿಗೆ ಹಾಕಿಕೊಂಡು ಎಂದಿನಂತೆ ದಂಡೆಯ ಹತ್ತಿರ ನಿಂತಳು. ನೂರು ಮೀಟರಿಗೆ ಮೂರು ತಿರುವು.

ಮೊದಲನೆಯದಕ್ಕೆ ಪತಾಕೆಯ ಕೆಳಗೆ ಹುಡುಗಿಯ ಬಾಯಿ ಒಂದು ಸಲ ತೆರೆದು ಮುಚ್ಚಿತು. "ದಮ್ಲಾ" ಎಂದಳು ಕ್ಲಾರಾ, ಪಿಸುಮಾತಿನಲ್ಲಿ. ಹುಡುಗಿ ಮಗುಚಿದ್ದೇ ಕಾಣಲಿಲ್ಲ. ಐದನೆಯವಳಾಗಿ ಹೋದವಳು ಮೂರನೆಯವಳಾಗಿ ಬಂದಳು. ಬೋತಿರನ ಮೀಸೆಯ ಕೆಳಗಿನ ನಗು ಹಾಗೆಯೇ ನಿಂತಿತು. ಎರಡನೆಯ ತಿರುವು ಅದಕ್ಕಿಂತ ಚೆನ್ನಾಗಿ ಆಯಿತು. ಅಲ್ಲಿಂದ ಅವಳು ಎರಡನೆಯವಳು.

ಮೂರನೆಯದಕ್ಕೆ ಪತಾಕೆಯ ಕೆಳಗೆ ಓಯ್ದಿನ್ ಬಾಯಿ ತೆರೆದ ಕ್ಷಣವೇ ಪಕ್ಕದ ಸಾಲಿನ ಹುಡುಗಿ ಎಬ್ಬಿಸಿದ ಅಲೆ ಆ ಬಾಯಿಗೆ ಹೊಡೆಯಿತು. ಅಕ್ಕಿಯ ಬದಲು ಬರೀ ನೀರು ಒಳಗೆ ಹೋಯಿತು. ಕ್ಲಾರಾ ಅದನ್ನು ಕಂಡಳು. ದಂಡೆಯ ಅಂಚಿಗೆ ಒಂದು ಹೆಜ್ಜೆ ಇಟ್ಟು, ಚಪ್ಪಲಿ ಕಳಚಿದಳು. ಒಂದು ಕೈ. ಎರಡು ಕೈ. ಗೋಡೆ ಬಂತು.

ಓಯ್ದಿನ್ ತಲೆ ಎತ್ತಿದಳು. ಗೋಡೆಯನ್ನು ಕೈಯಿಂದ ಹಿಡಿದು, ಬಾಯಿ ಅಗಲಿಸಿ, ಎದೆ ತುಂಬ ಒಂದು ಉಸಿರು ಎಳೆದು, ಆಮೇಲೆ ತಿರುಗಿದಳು.

"ಬಂತು ನೋಡಿ ಚಹಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಬೋತಿರ್ ಅಲ್ಲ.

ಫಲಕದ ಮೇಲೆ ಒಂದು ನಿಮಿಷ ಎಂಟು ಸೆಕೆಂಡು, ಮೂವತ್ತೊಂದು ಎಂದು ಬಂತು. ಗಡಿ ಒಂದು ನಿಮಿಷ ಎಂಟು ಸೆಕೆಂಡು. ತಪ್ಪಿದ್ದು ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟರಲ್ಲಿ.

ಹುಡುಗಿ ನೀರಿನಿಂದ ಮೇಲೆ ಬಂದು ಟವೆಲಿನಲ್ಲಿ ಮುಖ ಹುದುಗಿಸಿದಳು. "ತಳ ಹತ್ತಿತು, ಒಪಾ."

"ಕಂಡೆ."

"ಸ್ವಲ್ಪ ಹಿಡ್ಕೊಂಡಿದ್ರೆ ಆಗ್ತಿತ್ತು. ಇನ್ನು ಸ್ವಲ್ಪ."

"ಆಗ್ತಿತ್ತೋ ಏನೋ" ಎಂದಳು ಕ್ಲಾರಾ. ಸಮಾಧಾನಕ್ಕೆಂದು ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಟವೆಲಿನ ಸಮೇತ ಹುಡುಗಿಯನ್ನು ತಬ್ಬಿ, ಆ ಸಣ್ಣ ಬೆನ್ನು ಏರುವುದನ್ನೂ ಇಳಿಯುವುದನ್ನೂ ಅಂಗೈಯಿಂದ ಎಣಿಸುತ್ತ ನಿಂತಳು. "ಸೋತಿದೀರಿ. ಸರಿಯಾಗಿ ಸೋತಿದೀರಿ. ನನ್ನ ಕೈಲಿ ಕಲಿತವರಲ್ಲಿ ಈ ತಿರುವನ್ನ ಪೂರ್ತಿ ಕಲಿತೋರು ನೀವೊಬ್ರೇ."

"ಮುಂದಿನ ವರ್ಷ ಗಡಿ ಇನ್ನೂ ಕಮ್ಮಿ ಮಾಡ್ತಾರಂತೆ."

"ಮಾಡ್ಲಿ. ಮುಂದಿನ ವರ್ಷ ಅಲೆ ಬರೋ ಕಡೆ ಬೆನ್ನು ಹಾಕಿ ಉಸಿರು ತಗೊಳ್ಳೋದು ಕಲಿಯೋಣ."

ಹುಲ್ಕಾರ್ ಬೆಂಚಿನಿಂದ ಇಳಿದು ಬಂದು ಕ್ಲಾರಾಳ ಚಪ್ಪಲಿಗಳನ್ನು ಎತ್ತಿ ತಂದು ಅವಳ ಕಾಲ ಬಳಿ ಇಟ್ಟಳು. ಬೋತಿರ್ ಮೀಸೆ ತಿರುವುತ್ತ ಹತ್ತಿರ ಬಂದ.

"ಮೊದಲ ಎರಡು ತಿರುವು ಯಾರು ಹೇಳಿಕೊಟ್ಟಿದ್ದು?"

"ಇವಳಮ್ಮ."

"ಈಜುಗಾರ್ತಿಯಾ?"

"ಅಡುಗೆಯವಳು" ಎಂದಳು ಕ್ಲಾರಾ. ಬೋತಿರನಿಗೆ ತಮಾಷೆ ಎನಿಸಲಿಲ್ಲ, ತಲೆಯಾಡಿಸಿ ಹೋದ.

ಆ ಭಾನುವಾರ ಕ್ಲಾರಾ ಮಹಲ್ಲಾಕ್ಕೆ ಹೋದಳು. ಅಲ್ಲಿ ರಜೆಯ ದಿನಕ್ಕೆ 'ದಮ್ ತೆಗೆದುಕೊಳ್ಳುವ ದಿನ' ಎಂದೇ ಹೆಸರು. ಕೈಯಲ್ಲಿ ಜೋಯಾ ಮಾಡಿಕೊಟ್ಟ ಕ್ಯಾರೆಟ್ ಕೋಸಂಬರಿಯ ಜಾಡಿ. ನೀಲಿ ಗೇಟಿಗೆ ಈಗ ಹಸಿರು ಬಣ್ಣ; ಬಣ್ಣ ಎದ್ದ ಕಡೆ ನೀಲಿ ಇಣುಕುತ್ತಿತ್ತು. ಅವಳು ಕೈ ಎತ್ತಿದಳು, ಇಳಿಸಿದಳು. ಗೋಡೆಯ ಬಳಿ ಬಂದ ಮಗುವಿಗೆ ಹೇಳುವಂತೆಯೇ 'ದಮ್ಲಾ' ಎಂದು ತನಗೂ ಹೇಳಿಕೊಂಡು ಬಡಿದಳು.

ಬಾಗಿಲು ತೆರೆದವಳು ಹುಲ್ಕಾರಳ ತಾಯಿ ಸಾವೊದತ್, ಎಪ್ಪತ್ತು ದಾಟಿದವಳು, ತಲೆಗೆ ಬಿಳಿ ವಸ್ತ್ರ. ಬಂದವಳನ್ನು ಮೇಲಿಂದ ಕೆಳಗೆ ನೋಡಿದಳು.

ದಾರಿಯುದ್ದಕ್ಕೂ ಕ್ಲಾರಾ ಒಂದು ವಾಕ್ಯವನ್ನು ಹೊಂದಿಸಿಕೊಂಡು ಬಂದಿದ್ದಳು. ಬಾಯಿಂದ ಹೊರಟಾಗ ಎಂದಿನಂತೆ ತಪ್ಪಿತು. "ನೀನು ನನ್ನನ್ನ ಕ್ಷಮಿಸು" ಎಂದುಬಿಟ್ಟಳು, ತನಗಿಂತ ಹತ್ತು ವರ್ಷ ಹಿರಿಯಳಿಗೆ, ಅವಳದೇ ಹೊಸ್ತಿಲಲ್ಲಿ. ತಪ್ಪು ಕೇಳಿಸಿದ್ದೇ ಕಿವಿಯ ತುದಿಯವರೆಗೂ ಕೆಂಪಾದಳು.

"ಏನಂದ್ರಿ? ಕಿವಿ ಮಂದ ನಂಗೆ."

"ನೀನು... ನೀವು..."

"ನೀನು ಅಂತಾನೇ ಕೇಳಿಸ್ತು" ಎಂದಳು ಸಾವೊದತ್. ಸುಕ್ಕುಗಳ ನಡುವೆ ಏನೋ ಸಡಿಲವಾಯಿತು. "ಇರ್ಲಿ ಬಿಡಿ. ಇಪ್ಪತ್ನಾಲ್ಕು ವರ್ಷ ಬಾಗಿಲು ಕಾದಿದೀನಿ, ಅಷ್ಟು ಸಲಿಗೆ ಆಗೇ ಆಗುತ್ತೆ. ಬನ್ನಿ ಒಳಗೆ. ಹೊಸ್ತಿಲ ಮೇಲೆ ನಿಂತು ಮಾತಾಡ್ಬಾರ್ದು. ಕೂತು ದಮ್ ತಗೊಳ್ಳಿ."

ಅಂಗಳದ ಒಲೆಯ ಮೇಲೆ ದೊಡ್ಡ ಕಡಾಯಿ ಇತ್ತು, ಮುಚ್ಚಳದ ಸುತ್ತ ಒದ್ದೆ ಬಟ್ಟೆ ಸುತ್ತಿತ್ತು. ಓಯ್ದಿನ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಯುತ್ತಿದ್ದಳು. ಹುಲ್ಕಾರ್ ಹಾಸು ಬಿಡಿಸಿ ರೊಟ್ಟಿ, ಒಣದ್ರಾಕ್ಷಿ, ಜಾಮು ಇಟ್ಟಳು. ಕೋಸಂಬರಿಯ ಜಾಡಿಯನ್ನು ನಡುವೆ ಇಟ್ಟಳು. ಕ್ಲಾರಾ ಕಾಲು ಮಡಚಿ ಕೂತಳು.

"ಎಷ್ಟು ಹೊತ್ತಾಯ್ತು?" ಎಂದು ಕೇಳಿದಳು ಸಾವೊದತ್, ಮೊಮ್ಮಗಳನ್ನು.

"ಹದಿನೈದು ನಿಮಿಷ, ಅಜ್ಜಿ."

"ಇನ್ನೂ ಐದಿದೆ. ಮುಟ್ಟಬೇಡ."

"ಗೊತ್ತು ಅಜ್ಜಿ" ಎಂದಳು ಓಯ್ದಿನ್, ಕ್ಲಾರಾಳ ಕಡೆ ಓರೆಗಣ್ಣು ಮಾಡಿ, ಕಡಾಯಿಯ ಮೇಲೆ ಬಗ್ಗಿ ಮೂಗಿನಿಂದ ಮೆಲ್ಲಗೆ ಎಳೆದು ನೋಡುತ್ತ. "ತಳ ಹತ್ತೋ ವಾಸನೆ ಏನಿಲ್ಲ."